ಭರಮಸಾಗರದ ‘ಸಾಗರ’ ಶಬ್ದ: ಒಂದು ವಿಮರ್ಶೆ

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಭರಮಸಾಗರವೆಂಬ ಊರಿದೆ. ಅದು ಊರಿನ ಹೆಸರೂ ಹೌದು, ಅಲ್ಲಿನ ಕೆರೆಯ ಹೆಸರೂ ಹೌದು. ಕ್ರಿ. ಶ. ೧೬೮೯ರಿಂದ ೧೭೨೧ರ ವರೆಗೆ ದುರ್ಗವನ್ನಾಳಿದ ಬಿಚ್ಚುಗತ್ತಿ ಭರಮಣ್ಣನಾಯಕನು ಕಟ್ಟಿಸಿದ ಅನೇಕ ಕೆರೆಗಳಲ್ಲಿ ಇದು ಪ್ರಸಿದ್ಧವಾದುದು. ಶಬ್ದದ ರೂಪವನ್ನು ನೋಡಿದ ಮಾತ್ರದಿಂದಲೇ ಒಂದು ವಿಷಯವು ಸ್ಪಷ್ಟವಾಗುತ್ತದೆ: ಇಲ್ಲಿ ಕೆರೆಯಿಂದ ಊರಿಗೆ ಹೆಸರು ಬಂದಿತೇ ಹೊರತು ಊರಿನಿಂದ ಕೆರೆಗೆ ಬಂದುದಲ್ಲ. ನೀರು ಮೊದಲು, ವಸತಿ ಆಮೇಲೆ ಎಂಬ ಕ್ರಮವನ್ನು ಈ ಹೆಸರೇ ಹೇಳುತ್ತಿದೆ.

ಆದರೆ ಕೆರೆಗೆ ‘ಸಾಗರ’ವೆಂಬ ಹೆಸರು ಸಲ್ಲುವುದೇ ಎಂಬ ಪ್ರಶ್ನೆಯುಂಟು. ನೆರೆಯ ಸೂಳೆಕೆರೆಗೆ ಶಾಂತಿಸಾಗರವೆಂದೂ, ಮಾರಿಕಣಿವೆಯ ಜಲಾಶಯಕ್ಕೆ ವಾಣೀವಿಲಾಸಸಾಗರವೆಂದೂ ಹೆಸರುಂಟು. ಸಮುದ್ರವಾಚಕವಾದ ಪದವನ್ನು ಮಳೆ ತಪ್ಪಿದರೆ ಬತ್ತುವ ಕೆರೆಗೆ ಪ್ರಯೋಗಿಸುವುದು ಅತಿಶಯೋಕ್ತಿಮಾತ್ರವೆಂದೂ, ಅರಸರ ಕೀರ್ತಿಯನ್ನು ಹಿಗ್ಗಿಸುವುದಕ್ಕಾಗಿ ಕವಿಗಳು ಕಲಿಸಿದ ಮಾತೆಂದೂ ಆಕ್ಷೇಪಿಸಬಹುದು.

ಈ ಆಕ್ಷೇಪವು ನಿರಾಧಾರವಲ್ಲ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ನಗರವೂ ಸಮುದ್ರವೂ ಮೊದಲಲ್ಲಿಯೇ ಒಂದರ ಬಳಿ ಒಂದು ನಿಂತಿವೆ. ಮುಂದೆ ಜಲಕ್ರೀಡೆಯೂ ಬರುತ್ತದೆ. ಕೆರೆಗೆ ಮಾತ್ರ ಪ್ರತ್ಯೇಕವಾದ ಸ್ಥಾನವಿಲ್ಲ. ಗಾಂಭೀರ್ಯಕ್ಕೆ ಕಡಲಿದೆ, ವಿಲಾಸಕ್ಕೆ ಕೊಳವಿದೆ, ಕುಡಿಯುವ ನೀರಿನ ಚಿಂತೆಯಿಲ್ಲ. ಈ ಲಕ್ಷಣವನ್ನು ಅನುಸರಿಸಿದ ಕವಿಯ ಪುರವರ್ಣನೆಯಲ್ಲಿ ಸರೋವರವು ಸದಾ ತುಂಬಿಯೇ ಇರುತ್ತದೆ, ತಾವರೆಯು ಸದಾ ಅರಳಿಯೇ ಇರುತ್ತದೆ. ಶಾಸನಗಳ ದಾರಿ ಬೇರೆ. ತಾಳಗುಂದದ ಸ್ತಂಭದ ಮೇಲೆ ಕುಬ್ಜಕವಿಯು ಕದಂಬವಂಶದ ಚರಿತ್ರೆಯನ್ನೆಲ್ಲ ಪ್ರೌಢಕಾವ್ಯವಾಗಿ ರಚಿಸಿದುದು ಕಾಕುಸ್ಥವರ್ಮನು ಕಟ್ಟಿಸಿದ ಒಂದು ಕೆರೆಯ ನಿಮಿತ್ತವಾಗಿ. ದುರ್ಗದ ಬುಡದಲ್ಲಿಯೇ ಚಂದ್ರವಳ್ಳಿಯ ಬಂಡೆಯ ಮೇಲಣ ಮಯೂರಶರ್ಮನ ಪ್ರಾಕೃತಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು ೧೯೨೯ರ ವರದಿಯಲ್ಲಿ ಪ್ರಕಟಿಸಿದರು. ಅದರಲ್ಲಿ ಬಂದಿರುವ ರಾಜವಂಶಗಳ ಹೆಸರುಗಳ ಪಠನದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಆ ರಾಜ್ಯಗಳ ಮೇಲೆ ನಡೆದ ವಾದವು ಬಹಳ. ಶಾಸನದ ವಿಷಯವೇ ಆದ ತಟಾಕದ ಮೇಲೆ ನಡೆದ ವಿಚಾರವು ಸ್ವಲ್ಪ. ಈ ಉಪೇಕ್ಷೆಯು ಕವಿಗಳಿಗೆ ಮಾತ್ರ ಸೇರಿದ ದೋಷವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಷ್ಟಾದರೂ ‘ಸಾಗರ’ಶಬ್ದವು ಕೆರೆಗೆ ಅತಿಶಯೋಕ್ತಿಯಲ್ಲ, ಅನ್ವರ್ಥವೇ ಎಂದು ಸಾಧಿಸಬಹುದು. ಸಗರನಿಗೆ ಸಂಬಂಧಿಸಿದುದು ಸಾಗರ. ತದ್ಧಿತದಿಂದ ಸಿದ್ಧವಾದ ಈ ಶಬ್ದಕ್ಕೆ ಸಗರಪುತ್ರರು ಅಗೆದುದು ಎಂಬುದು ಪುರಾಣಪ್ರಸಿದ್ಧವಾದ ಅರ್ಥ. ಸಮುದ್ರಕ್ಕಿರುವ ಉಳಿದ ಹೆಸರುಗಳು ನೀರನ್ನೋ ರತ್ನವನ್ನೋ ಹೇಳಿದರೆ ಇದೊಂದು ಮಾತ್ರ ಗುದ್ದಲಿಯನ್ನು ಹೇಳುತ್ತದೆ. ಅಗೆದು ಮಾಡಿದ ಜಲಾಶಯಕ್ಕೆ ಇದಕ್ಕಿಂತ ಸಲ್ಲುವ ಹೆಸರು ಬೇರೊಂದಿಲ್ಲ.

ವನಪರ್ವದ ಕಥೆಯನ್ನು ಅನುಸಂಧಾನ ಮಾಡಿದರೆ ಈ ಅರ್ಥವು ಇನ್ನೂ ದೃಢವಾಗುತ್ತದೆ. ಕಾಲೇಯರೆಂಬ ದೈತ್ಯರು ಅಡಗಿದ್ದ ಸಮುದ್ರವನ್ನು ಅಗಸ್ತ್ಯನು ದೇವತೆಗಳ ಪ್ರಾರ್ಥನೆಯಂತೆ ಕುಡಿದನು. ದೈತ್ಯರು ಹತರಾದ ಮೇಲೆ ನೀರನ್ನು ಮತ್ತೆ ಬಿಡೆಂದು ಕೇಳಲು, ಅದು ಜೀರ್ಣವಾಗಿಹೋಯಿತೆಂದು ಉತ್ತರವಿತ್ತನು. ಸಗರನ ಅರುವತ್ತು ಸಾವಿರ ಮಕ್ಕಳು ಕುದುರೆಯನ್ನರಸುತ್ತ ಅಗೆದುದು ಈ ಒಣಗಿದ ಕಡಲನ್ನೇ. ಅವರು ಕಪಿಲನ ಕೋಪಕ್ಕೆ ಬೂದಿಯಾದರು. ಅಸಮಂಜಸ, ಅಂಶುಮಂತ, ದಿಲೀಪರ ಕಾಲವು ಕಳೆದು ಭಗೀರಥನು ಗಂಗೆಯನ್ನು ತಂದ ಬಳಿಕ ಅದು ತುಂಬಿತು. ಕುಡಿದವನು, ಅಗೆದವರು, ತಂದವನು ಎಂಬ ಮೂವರಿಂದ ಈ ಕಥೆಯು ನಡೆಯುತ್ತದೆ.

ಭರಮಸಾಗರದ ಚರಿತ್ರೆಯಲ್ಲಿ ಈ ಮೂವರೂ ಕಾಣಿಸುತ್ತಾರೆ. ಅಗೆದವರು ನಾಯಕನ ಕಾಲದ ಪ್ರಜೆಗಳು. ಕುಡಿದುದು ಕೊಳವೆಬಾವಿ. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಚಿತ್ರದುರ್ಗವೂ ಸೇರಿದೆ. ಅಗಸ್ತ್ಯನಂತೆ ಇಲ್ಲಿಯೂ ಕುಡಿದವರ ಉದ್ದೇಶವು ಕೆಟ್ಟುದಲ್ಲ, ಆದರೆ ಕುಡಿದುದನ್ನು ಹಿಂದಕ್ಕೆ ಕೊಡುವ ಶಕ್ತಿಯಿಲ್ಲ. ತಂದುದು ೨೦೨೧ರಲ್ಲಿ: ಹರಿಹರದ ಕಡೆಯಿಂದ ತುಂಗಭದ್ರೆಯ ನೀರನ್ನು ಯಂತ್ರದಿಂದೆತ್ತಿ, ಕೊಳವೆಗಳ ಮೂಲಕ ಈ ಕೆರೆಗೆ ಹರಿಯಿಸಲಾಯಿತು. ಇಂತಹ ಕಾರ್ಯವನ್ನು ಭಗೀರಥಪ್ರಯತ್ನವೆಂದು ಕರೆಯುವುದು ಲೋಕರೂಢಿ. ಅದು ಯುಕ್ತವೂ ಹೌದು. ಬತ್ತಿದ ಕೆರೆಯ ದಡದಲ್ಲಿ ಬಾಳಿದವರಿಗೆ ಆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ವಿಮರ್ಶೆಯು ಸ್ತುತಿಯಲ್ಲಿ ನಿಲ್ಲತಕ್ಕದ್ದಲ್ಲ. ಮಳೆಯಿಂದ ಬೆಳೆಯುವ ದೇಶವನ್ನು ದೇವಮಾತೃಕವೆಂದೂ, ನದಿಯಿಂದ ಬೆಳೆಯುವುದನ್ನು ನದೀಮಾತೃಕವೆಂದೂ ಅಮರಕೋಶವು ವಿಭಾಗಿಸುತ್ತದೆ. ದುರ್ಗದ ಸೀಮೆಯು ಸ್ವಭಾವತಃ ದೇವಮಾತೃಕ. ಆ ತಾಯಿಯು ಕೊಡುವುದು ಕಡಮೆಯೆಂದು ತಿಳಿದೇ ಹಿಂದಿನವರು ಸಿಕ್ಕಿದುದನ್ನು ಹಿಡಿದಿಡಲು ಕಲಿತರು. ಕೋಟೆಯೊಳಗಣ ಗೋಪಾಲಸ್ವಾಮಿ ಹೊಂಡವು ತುಂಬಿ ಹೊರಟ ನೀರು ಅಕ್ಕತಂಗಿ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡಕ್ಕೂ, ಕಡೆಗೆ ಪೇಟೆಯ ಸಂತೆಹೊಂಡಕ್ಕೂ ಇಳಿಯುವಂತೆ ಮಾಡಿದ ಏರ್ಪಾಡು ಇದಕ್ಕೆ ನಿದರ್ಶನ. ಬೆಟ್ಟದ ಮೇಲೆ ಬಿದ್ದ ಮಳೆಯು ಊರನ್ನು ದಾಟುವ ಮುನ್ನ ಅನೇಕ ಕಡೆ ನಿಲ್ಲುತ್ತಿದ್ದಿತು. ಇಂದಿನ ಚಿತ್ರದುರ್ಗ ನಗರವು ಶಾಂತಿಸಾಗರದ ನೀರನ್ನೂ ವಾಣೀವಿಲಾಸಸಾಗರದ ನೀರನ್ನೂ ತರಿಸಿ ಕುಡಿಯುತ್ತದೆ. ಹೊಂಡಗಳು ಪ್ರೇಕ್ಷಣೀಯಸ್ಥಾನಗಳಾಗಿವೆ. ದಂಡಿಯು ಹೇಳಿದ ನಗರಕ್ಕೆ ಊರು ಮರಳಿತೆಂದು ಹೇಳಬಹುದು: ಕಣ್ಣಿಗೆ ಕೊಳ, ಬಾಯಿಗೆ ದೂರದ ಸಾಗರ.

ದೂರದ ಸಾಗರವಾದರೂ ಆಕಾಶದ ಹಂಗನ್ನು ತೊರೆದುದಲ್ಲ. ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಮುಗಿದ ವಾಣೀವಿಲಾಸಸಾಗರವು ೧೯೩೩ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದುದು ೨೦೨೨ರಲ್ಲಿ. ನಡುವೆ ೮೯ ವರ್ಷಗಳು ಕಳೆದುವು. ಆಗಲೂ ಮಳೆಯ ಜೊತೆಗೆ ಭದ್ರೆಯಿಂದ ತಂದ ನೀರಿನ ನೆರವಿದ್ದಿತು.

ಈ ಸಂದರ್ಭದಲ್ಲಿ ಕಡಪೆಯ ಸೀಮೆಯ ಪೋರುಮಾಮಿಳ್ಳ ಶಾಸನವು ಸ್ಮರಣೀಯವಾದುದು. ಬುಕ್ಕರಾಯನ ಮಗನಾದ ಭಾಸ್ಕರನು ಕ್ರಿ. ಶ. ೧೩೬೯ರಲ್ಲಿ ಬರೆಯಿಸಿದ ಈ ಶಾಸನವು ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಧರ್ಮಿಷ್ಠನಾದ ಅರಸು, ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ ಇವೆಲ್ಲ ಅಂಗಗಳು; ಏರಿಯು ಅವುಗಳಲ್ಲಿ ಒಂದು ಮಾತ್ರ. ನೀರು ಅಲ್ಪವಾಗಿ ನೆಲವು ಬಹಳವಾಗಿರುವುದು ದೋಷಗಳಲ್ಲೊಂದು. ಕೆರೆಯೆಂದರೆ ಏರಿಯ ಹಿಂದೆ ನಿಂತ ನೀರಲ್ಲ. ಅದಕ್ಕೆ ಹರಿದುಬರುವ ಹಳ್ಳವೂ, ಅದನ್ನು ಬಲ್ಲ ಜನವೂ ಕೂಡಿದ ಸಮುದಾಯವೆಂಬುದು ಇದರ ತಾತ್ಪರ್ಯ. ಹಳ್ಳವು ಮುಚ್ಚಿಹೋಗಿ ಕೊಳವೆಯೊಂದೇ ಉಳಿದರೆ ಅದು ಕೆರೆಯೆನಿಸದು, ಪಾತ್ರೆಯೆನಿಸೀತು. ವಿದ್ಯುತ್ತು ನಿಂತ ದಿನ, ಅಥವಾ ಹೊಳೆಯೇ ಸೊರಗಿದ ವರ್ಷ, ಪಾತ್ರೆಗೆ ತನ್ನದೆಂಬ ನೀರಿಲ್ಲ.

ಆದುದರಿಂದ ‘ಸಾಗರ’ಶಬ್ದವು ಕೀರ್ತಿವಾಚಕವಲ್ಲ, ಕರ್ತವ್ಯವಾಚಕ. ಕಥೆಯಲ್ಲಿ ಸಮುದ್ರವು ಗಂಗೆಯಿಂದ ತುಂಬಿದರೂ ಅದಕ್ಕೆ ಭಗೀರಥನ ಹೆಸರು ನಿಲ್ಲದೆ ಸಗರನ ಹೆಸರೇ ನಿಂತಿತು; ತಂದ ನೀರಿಗೆ ನಿಲ್ಲಲು ಎಡೆಯಾದುದು ಅಗೆದವರಿಂದಲೇ ಅಲ್ಲವೇ? ತುಂಗಭದ್ರೆಯು ಬಂದಿರುವ ಈ ಕಾಲವೇ ಹೂಳನ್ನೆತ್ತಲು, ಹಳ್ಳಗಳ ದಾರಿಯನ್ನು ಬಿಡಿಸಲು, ಕೊಳವೆಬಾವಿಗಳ ದಾಹಕ್ಕೆ ಮಿತಿಯನ್ನು ಹಾಕಲು ತಕ್ಕ ಕಾಲ. ಆ ಕೆಲಸವು ನಡೆದರೆ ಭರಮಣ್ಣನಾಯಕನ ಕೆರೆಗೆ ಅದರ ಹೆಸರು ಸಾರ್ಥಕವಾಗಿ ಸಲ್ಲುತ್ತದೆ. ನಡೆಯದಿದ್ದರೆ ಪೂರ್ವಪಕ್ಷಿಯು ಹೇಳಿದ ಅತಿಶಯೋಕ್ತಿಯೇ ನಿಜವಾಗುತ್ತದೆ.