ತೂಗು ಮೈಕಿನ ಕೆಳಗೆ ಒಬ್ಬ ಯಜಮಾನಿ

ಕಂಪನಿ ನಾಟಕದ ಚಟ ಹತ್ತಿದವರಿಗೆ ಒಂದು ಅಭ್ಯಾಸ ಇರುತ್ತದೆ. ಪರದೆ ಮೇಲೇರಿದ ಕೂಡಲೇ ಕಣ್ಣು ಮೊದಲು ಹೋಗುವುದು ಮೇಲಿನಿಂದ ಇಳಿಬಿಟ್ಟ ಮೈಕುಗಳ ಕಡೆಗೆ. ಮೂರೋ ನಾಲ್ಕೋ ಮೈಕು, ನಡುನಡುವೆ ಖಾಲಿ ಜಾಗ. ಇನ್ನೂ ಪಳಗದ ನಟ ತನ್ನ ಮಾತು ಬಂದಾಗ ಎರಡು ಹೆಜ್ಜೆ ಮುಂದೆ ಬಂದು ಮೈಕಿನ ಕೆಳಗೆ ನಿಂತು ಮಾತು ಒಪ್ಪಿಸುತ್ತಾನೆ, ಮತ್ತೆ ಎರಡು ಹೆಜ್ಜೆ ಹಿಂದೆ ಹೋಗುತ್ತಾನೆ. ಪಳಗಿದ ನಟಿ ನೀರಿನ ಚೊಂಬು ಇಡುವ ನೆಪದಲ್ಲೋ, ಅತ್ತೆಯ ಕಣ್ಣು ತಪ್ಪಿಸುವ ನೆಪದಲ್ಲೋ ಮಾತಿಗೆ ಮುಂಚೆಯೇ ಅಲ್ಲಿಗೆ ಬಂದಿರುತ್ತಾಳೆ. ಮೈಕು ಇತ್ತೆಂಬುದೇ ನಮಗೆ ಮರೆತುಹೋಗುತ್ತದೆ. ಹರಿಹರದಲ್ಲಿ ಜಾತ್ರೆಯ ಮೊಕ್ಕಾಮಿಗೆ ಹಾಕಿದ್ದ ತಗಡಿನ ಥಿಯೇಟರಿನೊಳಗೆ, ಹಿಂದಿನ ಬೆಂಚಿನಲ್ಲಿ ಕೂತು ನಾನು ಕಲಿತ ಮೊದಲ ಪಾಠ ಇದು. ಟಿ.ವಿ. ಧಾರಾವಾಹಿಯ ನಟಿಗೆ ಈ ಕಷ್ಟ ಇಲ್ಲ. ಮೈಕು ಸೀರೆಯೊಳಗೇ ಇರುತ್ತದೆ, ಮಾತು ತಪ್ಪಿದರೆ ಇನ್ನೊಂದು ಟೇಕು ಇರುತ್ತದೆ. ಅದೂ ದುಡಿಮೆಯೇ, ಹಗುರ ಅನ್ನುತ್ತಿಲ್ಲ. ಆದರೆ ನೆಲದ ಟಿಕೆಟ್ಟಿನವರು ಕೆಮ್ಮುತ್ತ, ಕಡಲೆಕಾಯಿ ಸುಲಿಯುತ್ತ ಕೂತಿರುವಾಗ ಅವರನ್ನು ಒಂದೇ ಮಾತಿಗೆ ಸುಮ್ಮನಾಗಿಸುವ ವಿದ್ಯೆಯೇ ಬೇರೆ.

ಆ ವಿದ್ಯೆಗೆ ನಮ್ಮ ದಾವಣಗೆರೆ ಕೊಟ್ಟ ದೊಡ್ಡ ಹೆಸರು ಚಿಂದೋಡಿ ಲೀಲಾ. ತಂದೆ ಚಿಂದೋಡಿ ವೀರಪ್ಪನವರು ಕಟ್ಟಿದ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿ ಜನರ ಬಾಯಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿ ಆಯಿತು. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ ಅಜ್ಜಯ್ಯನಿಗೆ ನಡೆದುಕೊಳ್ಳುವ ಸೀಮೆ ನಮ್ಮದು. ಇಲ್ಲಿ ಮನೆಗೊಬ್ಬ ಕರಿಬಸಪ್ಪ ಸಿಕ್ಕುತ್ತಾನೆ, ಕಂಪನಿಯ ಹೆಸರಲ್ಲೂ ಕರಿಬಸವನೇ. ಆಗಿನ್ನೂ ದಾವಣಗೆರೆ ಜಿಲ್ಲೆ ಆಗಿರಲಿಲ್ಲ, ಅದಾದದ್ದು 1997ರಲ್ಲಿ. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ, ಹತ್ತಿ ಗಿರಣಿಗಳ ಸದ್ದಿನ ಊರು ಅದು. ಪಾಳಿ ಮುಗಿಸಿದ ಕಾರ್ಮಿಕನಿಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಎಷ್ಟು ಬೇಕೋ ನಾಟಕವೂ ಅಷ್ಟೇ ಬೇಕಿತ್ತು.

ಮನೆಯ ಕಂಪನಿಯಲ್ಲೇ ಬಣ್ಣ ಹಚ್ಚಿ ಬೆಳೆದ ಹುಡುಗಿ ಮುಂದೆ ಅದೇ ಕಂಪನಿಯ ಆಧಾರಸ್ತಂಭವಾದರು. ‘ಪೊಲೀಸನ ಮಗಳು’ ಸಾವಿರ ಪ್ರಯೋಗದ ಗಡಿ ದಾಟಿತು. ಸಾವಿರ ಅಂದರೇನು ಎಂದು ಒಮ್ಮೆ ಲೆಕ್ಕ ಹಾಕಿ. ದಿನಕ್ಕೊಂದರಂತೆ, ಒಂದು ರಾತ್ರಿಯೂ ಬಿಡದೆ ಆಡಿದರೆ ಎರಡು ವರ್ಷ ಒಂಬತ್ತು ತಿಂಗಳು. ಅಷ್ಟು ರಾತ್ರಿ ಅದೇ ಮಾತು, ಅದೇ ಅಳು. ಬೆಂಚಿನ ಮೇಲೆ ಕೂತವನು ಮಾತ್ರ ಅಂದೇ ಮೊದಲ ಸಲ ನೋಡುತ್ತಿರುತ್ತಾನೆ. ಅವನಿಗೆ ನಿನ್ನೆಯ ಆಟದ ಎಂಜಲು ಬಡಿಸುವ ಹಾಗಿಲ್ಲ. ಕಂಪನಿ ನಟಿಯರನ್ನು ಅಳೆಯುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ನೂರನೆಯ ಆಟದಲ್ಲಿ ಆಕೆ ಹೇಗೆ ಅಳುತ್ತಾಳೆ? ಮೊದಲ ಆಟದಲ್ಲಿ ಎಲ್ಲರೂ ಅಳುತ್ತಾರೆ.

ಸಿನಿಮಾದವರೂ ಅವರನ್ನು ಕರೆದರು. ‘ಕಿತ್ತೂರು ಚೆನ್ನಮ್ಮ’ (1961), ‘ಶರಪಂಜರ’ (1971) ಎರಡರಲ್ಲೂ ಅವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಆ ಪರದೆ ಅವರಿಗೆ ಚಿಕ್ಕದಾಯಿತು. ಹತ್ತಾರು ಸಾಲಿನಾಚೆಗೆ ಮುಟ್ಟಿಸಲು ತಯಾರಾದ ದನಿ ಅದು. ಕ್ಯಾಮೆರಾ ಎರಡು ಮೊಳ ದೂರದಲ್ಲಿ ನಿಂತಿತ್ತು.

ಮನೆತನದ ದೊಡ್ಡ ಸಿನಿಮಾ ಬಂದದ್ದು ತಡವಾಗಿ, 1995ರಲ್ಲಿ. ಗದಗಿನ ಗಾನಯೋಗಿ ಪಂಚಾಕ್ಷರ ಗವಾಯಿಗಳ ಬದುಕಿನ ಚಿತ್ರ, ನಿರ್ದೇಶನ ಚಿಂದೋಡಿ ಬಂಗಾರೇಶ್ ಅವರದು. ಆ ಚಿತ್ರದ ಸಂಗೀತಕ್ಕೆ ಹಂಸಲೇಖ ಅವರಿಗೂ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ನಾಟಕದವರು ಗವಾಯಿಗಳ ಕಥೆಗೇ ಕೈ ಹಾಕಿದ್ದು ನನಗೆ ತೀರ ಸಹಜವಾಗಿ ಕಾಣುತ್ತದೆ. ಗದಗಿನ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ನಾಟಕ ಬರೆದು, ಕಂಪನಿ ನಡೆಸಿ, ಊರೂರು ತಿರುಗಿದವರು. ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಊರಿಂದೂರಿಗೆ ಹೋಗುವ ಕಷ್ಟ ಎರಡೂ ಮನೆಗಳಿಗೆ ಗೊತ್ತಿತ್ತು.

ಹೆಣ್ಣೊಬ್ಬಳು ನಟಿಯಾಗುವುದು ಒಂದು ತೂಕ, ಕಂಪನಿಯ ಭಾರ ಹೊರುವುದು ಇನ್ನೊಂದು. ಮೈಸೂರಿನ ಕಡೆ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ತಾವೇ ಕಂಸ, ರಾವಣರಾಗಿ ಗುಡುಗಿದರು. ಲೀಲಾ ಅವರ ದಾರಿ ಬೇರೆ. ಗಂಡಸರೂ ಹೆಂಗಸರೂ ಕೂಡಿದ ಸಂಸಾರವಂದಿಗ ಕಂಪನಿಗೆ ಅವರು ನಾಯಕಿಯೂ ಹೌದು, ಯಜಮಾನಿಯೂ ಹೌದು. ಮೊಕ್ಕಾಂ ಅಂದರೆ ಜಾಗದ ಬಾಡಿಗೆ, ಲೈಸೆನ್ಸು, ಲಾರಿ, ಸೀನಿನ ಪರದೆ, ಕಲಾವಿದರ ಮಕ್ಕಳ ಹಾಲು, ಅಡುಗೆ ಮನೆ. ಮಳೆ ಸುರಿದು ಕಲೆಕ್ಷನ್ ಬೀಳದಿದ್ದರೂ ರಾತ್ರಿ ಒಲೆ ಉರಿಯಲೇಬೇಕು. ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೂತ ಯಜಮಾನಿಗೆ ಗಲ್ಲಾಪೆಟ್ಟಿಗೆಯ ಲೆಕ್ಕ ಗೊತ್ತಿರುತ್ತದೆ. ಬೆಲ್ಲು ಬಾರಿಸಿದ ಮೇಲೆ ಅದನ್ನು ಮುಖದಲ್ಲಿ ಕಾಣಿಸುವ ಹಾಗಿಲ್ಲ.

1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೂರದರ್ಶನ ಮನೆ ಮನೆಗೆ ಹೊಕ್ಕು, ಕಂಪನಿಗಳು ಒಂದೊಂದಾಗಿ ಪರದೆ ಸುತ್ತಿಡುತ್ತಿದ್ದ ಕಾಲ ಅದು. ತಗಡಿನ ಥಿಯೇಟರಿನ ನಟಿಗೆ ಸಂದ ಆ ಗೌರವ ಬೆಣ್ಣೆದೋಸೆ ಹೋಟೆಲಿನ ಮಾತುಕತೆಗೂ ಕಳೆ ತಂದಿತ್ತು. 2010ರ ಜನವರಿಯಲ್ಲಿ ಅವರು ತೀರಿಕೊಂಡರು.

ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣ ಈಗ ದಾವಣಗೆರೆಯ ಪಾಲಿಗೆ ಬಂದಿದೆ. ಹುಡುಗ ಹುಡುಗಿಯರು ಅಲ್ಲಿ ಕಂಪನಿ ನಾಟಕದ ಪಟ್ಟು ಕಲಿಯಬೇಕೆಂದರೆ ಕಣ್ಣೆದುರು ಏನಾದರೂ ಬೇಕು. ನನ್ನ ಬಳಿ ಒಂದೇ ಒಂದು ಹ್ಯಾಂಡ್‌ಬಿಲ್ ಇದೆ, ಗುಲಾಬಿ ಬಣ್ಣದ ತೆಳು ಕಾಗದ. ಮಡಿಕೆಯ ಗೆರೆಯಲ್ಲಿ ನಾಟಕದ ಹೆಸರೇ ಸವೆದುಹೋಗಿದೆ, ‘ಇಂದೇ ನೋಡಿರಿ’ ಎಂಬ ದಪ್ಪಕ್ಷರ ಮಾತ್ರ ಗಟ್ಟಿಯಾಗಿ ಉಳಿದಿದೆ. ದಾವಣಗೆರೆ, ಹರಿಹರದ ಹಳೆಯ ಮನೆಗಳ ಅಟ್ಟದಲ್ಲಿ ಕೆ.ಬಿ.ಆರ್. ಕಂಪನಿಯ ಹ್ಯಾಂಡ್‌ಬಿಲ್, ಟಿಕೆಟಿನ ಚೂರು, ಹಾಡಿನ ಪುಸ್ತಕ, ಲೀಲಮ್ಮನವರ ಒಂದು ಫೋಟೊ ಇದ್ದರೂ ದಯವಿಟ್ಟು ಗುಜರಿಗೆ ಹಾಕಬೇಡಿ. ಯಾವ ಊರು, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದು, ರಂಗಾಯಣದವರ ಕೈಗೆ ಮುಟ್ಟಿಸಿ.