ಕಪ್ಪು ಹಿನ್ನೆಲೆಯ ಹುಳುಗಳು

ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿ ಗಾಳಿ ಎದ್ದರೆ ಎಕ್ಕೆಗಿಡದ ಎಲೆ ಒಂದು ಕ್ಷಣವೂ ನಿಲ್ಲದು. ಎಲೆಯಡಿ ಮುತ್ತಿಕೊಂಡ ಹಳದಿ ಹೇನು, ಅದನ್ನು ತಿನ್ನಲು ಬಂದ ಗುಲಗಂಜಿ ಹುಳು, ಅಂಚು ಮೇಯುವ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು, ಎಲ್ಲವೂ ಅದರೊಂದಿಗೆ ತೂಗುತ್ತವೆ. ಇಂಥಲ್ಲಿ ಕ್ಲೋಸ್‌ಅಪ್ ತೆಗೆಯುವವರು ಕ್ಯಾಮೆರಾಕ್ಕೆ ಪ್ರತ್ಯೇಕ ಫ್ಲ್ಯಾಶ್ ಜೋಡಿಸುವುದು ಸರಿಯೇ.

ಹುಳು ಸೆನ್ಸರ್ ಮೇಲೆ ನಿಜಗಾತ್ರದಲ್ಲೇ ಮೂಡುವಷ್ಟು ಹತ್ತಿರ ಹೋದರೆ ಎಫ್/11ರಲ್ಲೂ ಸ್ಪಷ್ಟವಾಗಿ ಕಾಣುವ ಆಳ ಎರಡು ಮಿಲಿಮೀಟರ್ ದಾಟದು. ಸಾಲದ್ದಕ್ಕೆ ಸೆನ್ಸರ್ ತಲುಪುವ ಬೆಳಕೂ ಕಾಲುಭಾಗಕ್ಕೆ ಇಳಿಯುತ್ತದೆ. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ ಹೊತ್ತು. ಗಾಳಿಯ ತೂಗಾಟ ಅಷ್ಟರಲ್ಲಿ ಚಿತ್ರವನ್ನು ಕೆಡಿಸಲಾರದು.

ತಕರಾರು ಇರುವುದು ಆ ಬೆಳಕನ್ನು ಬಳಸುವ ರೀತಿಯಲ್ಲಿ.

ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯಲ್ಲೇ ಬಿಟ್ಟರೆ ಲೆನ್ಸಿನ ನೆರಳು ಹುಳುವಿನ ಮೇಲೆ ಬೀಳುತ್ತದೆ. ಗುಲಗಂಜಿ ಹುಳುವಿನ ನುಣುಪು ಬೆನ್ನು ಒಂದು ಬಿಳಿ ಚುಕ್ಕೆಯಾಗಿ ಸುಟ್ಟುಹೋಗುತ್ತದೆ. ಲೆನ್ಸ್ ಸುತ್ತ ಕೂರುವ ರಿಂಗ್ ಫ್ಲ್ಯಾಶ್ ನೆರಳನ್ನೇನೋ ನೀಗುತ್ತದೆ, ಜೊತೆಗೆ ಮೈಯ ಉಬ್ಬುತಗ್ಗನ್ನೂ ಅಳಿಸುತ್ತದೆ. 1952ರಲ್ಲಿ ಲೆಸ್ಟರ್ ಡೈನ್ ಅದನ್ನು ರೂಪಿಸಿದ್ದು ಹಲ್ಲುಗಳ ಚಿತ್ರಕ್ಕೆ. ಬಾಯೊಳಗೆ ಬೇಕಾದದ್ದು ಅಂಥ ಸಮತಟ್ಟು ಬೆಳಕೇ.

ಇದಕ್ಕಿಂತ ದೊಡ್ಡ ನಷ್ಟ ಹಿನ್ನೆಲೆಯದು. ದೂರ ಎರಡುಪಟ್ಟಾದರೆ ಫ್ಲ್ಯಾಶ್ ಬೆಳಕು ಕಾಲುಭಾಗವಾಗುತ್ತದೆ, ಹಾಗಾಗಿ ಹಗಲಲ್ಲೂ ಹುಳುವಿನ ಹಿಂದೆ ಕಡುಗಪ್ಪು ಕವಿಯಬಹುದು. ಅನೇಕರಿಗೆ ಅದೇ ಅಂದ. ಆದರೆ ಪ್ಲೇನ್ ಟೈಗರ್ ಮರಿಹುಳುವಿನ ಮೈಮೇಲೆ ಮೂರು ಜೊತೆ ಕಪ್ಪು ಎಳೆಗಳಿವೆ. ಕಪ್ಪು ಹಿನ್ನೆಲೆ ಅವನ್ನೇ ನುಂಗಿಬಿಡುತ್ತದೆ. ಕೃಷ್ಣೆಯ ನೀರು, ದಂಡೆಯ ಹಸಿರು ಕೂಡ ಅದರಲ್ಲೇ ಮುಳುಗುತ್ತವೆ. ಅಂಥ ಚಿತ್ರದಲ್ಲಿ ಆಲಮಟ್ಟಿಯ ಹುಳು ಯಾವ ಊರಿನದೂ ಅಲ್ಲ.

ಇದು ತಪ್ಪಿಸಲಾಗದ್ದಲ್ಲ. ಐಎಸ್‌ಓ 400 ಅಥವಾ 800ಕ್ಕೆ ಏರಿಸಿ, ಷಟರ್ ವೇಗವನ್ನು ಕ್ಯಾಮೆರಾದ ಸಿಂಕ್ ಮಿತಿಯೊಳಗೆ, 1/200ರ ಆಸುಪಾಸಿನಲ್ಲಿ ಇಟ್ಟರೆ ಬಿಸಿಲಿನ ಹಿನ್ನೆಲೆಯೂ ಮೂಡುತ್ತದೆ. ಹುಳು ಮಾತ್ರ ನೆರಳಲ್ಲಿರಬೇಕು. ಅದರ ಮೇಲೂ ಬಿಸಿಲು ಬಿದ್ದರೆ ಗಾಳಿಯಲ್ಲಿ ಎರಡೆರಡು ಅಂಚು ಕಾಣಿಸುತ್ತವೆ. ತಂತಿಯಲ್ಲೋ ಟ್ರಿಗರ್‌ನಲ್ಲೋ ಫ್ಲ್ಯಾಶನ್ನು ಬದಿಗೆ ತಂದು, ಮುಂದೆ ಅಗಲವಾದ ಬಟರ್ ಪೇಪರ್ ಹಿಡಿದರೆ ಗುಲಗಂಜಿಯ ಬೆನ್ನು ದುಂಡಗೆ, ಕೆಂಪಗೆ ಕಾಣುತ್ತದೆ.

ಇರುಳಲ್ಲಿ ದೀಪಕ್ಕೆ ಬರುವ ಪತಂಗಗಳ ಮಾತು ಬೇರೆ. ಅವುಗಳ ಹಿಂದೆ ಇರುವುದೇ ಕತ್ತಲೆ, ಅಲ್ಲಿ ಕಪ್ಪು ಹಿನ್ನೆಲೆಯ ಬಗ್ಗೆ ದೂರಿಲ್ಲ.