ಕ್ಯಾಲೆಂಡರಿನ ರಾಣಿಯ ಕಾಲು

ನಮ್ಮ ನಡುಮನೆಯ ಗೋಡೆಯ ಮೇಲೆ ಝಾನ್ಸಿ ರಾಣಿಯ ಒಂದು ಕ್ಯಾಲೆಂಡರ್ ಚಿತ್ರವಿದೆ. ತಾರೀಖಿನ ಹಾಳೆಗಳೆಲ್ಲ ಹರಿದುಹೋದ ಮೇಲೂ ಚಿತ್ರ ಚೆನ್ನಾಗಿದೆಯೆಂದು ಕಟ್ಟು ಹಾಕಿಸಿ ಇಟ್ಟುಕೊಂಡೆವು. ಮುಂಗಾಲೆತ್ತಿ ನಿಂತ ಬಿಳಿ ಕುದುರೆ, ಮೇಲೆತ್ತಿದ ಕತ್ತಿ, ಬೆನ್ನಿಗೆ ಕಟ್ಟಿಕೊಂಡ ಮಗು. ನಾನೂ ಎಲ್ಲರಂತೆ ರಾಣಿಯ ಮುಖ ನೋಡಿ ಕೈಮುಗಿದವಳೇ. ಆಕೆಯ ಕಾಲಿನ ಕಡೆ ನನ್ನ ಕಣ್ಣು ಹೋದದ್ದು ತೀರ ಈಚೆಗೆ, ಅಣ್ಣನ ಮಗಳು ಕುದುರೆ ಸವಾರಿ ಕಲಿಯಲು ಸೇರಿದ ಮೇಲೆ.

ಮೊದಲ ದಿನ ಅವಳು ಜೀನ್ಸ್ ಹಾಕಿಕೊಂಡು ಹೋದಳು. ಗಟ್ಟಿ ಬಟ್ಟೆ, ಕುದುರೆಗೆ ಅದೇ ಸರಿ ಎಂದು ನಾನೇ ಹೇಳಿದ್ದೆ. ಸಂಜೆ ಕುಂಟುತ್ತ ಬಂದಳು. ಎರಡೂ ಮೊಣಕಾಲಿನ ಒಳಬದಿ ಸುಲಿದು ಕೆಂಪಾಗಿತ್ತು. "ಕುದುರೆ ಪಾಪ ಏನೂ ಮಾಡಲಿಲ್ಲ ಅತ್ತೆ, ಪ್ಯಾಂಟೇ ಕಚ್ಚಿತು" ಎಂದಳು. ಎಣ್ಣೆ ಹಚ್ಚಿಸಿಕೊಳ್ಳುತ್ತ ಗೋಡೆ ನೋಡಿದವಳು ಕೇಳಿದಳು: "ಈ ರಾಣಿಯ ಇನ್ನೊಂದು ಕಾಲು ಎಲ್ಲಿ?"

ಎದ್ದು ಹೋಗಿ ನೋಡಿದೆ. ಸೀರೆಯ ನೆರಿಗೆಗಳು ಕುದುರೆಯ ಒಂದೇ ಪಕ್ಕಕ್ಕೆ ನೀರು ಸುರಿದ ಹಾಗೆ ಇಳಿದಿವೆ. ಅವುಗಳ ತುದಿಯಲ್ಲಿ ಗೆಜ್ಜೆ ತೊಟ್ಟ ಎರಡು ಪಾದಗಳು, ಎರಡೂ ಒಂದೇ ಕಡೆ! ಕುದುರೆಯ ಕೊರಳಿನ ನರವನ್ನೂ ಬಿಡದೆ ಬರೆದ ಚಿತ್ರಕಾರ ರಾಣಿಯನ್ನು ಮಾತ್ರ ಜಾತ್ರೆಗೆ ಹೊರಟ ಗಾಡಿಯ ಅಂಚಿನಲ್ಲಿ ಕೂರಿಸಿದಂತೆ ಕೂರಿಸಿದ್ದಾನೆ. ಸೊಂಟದಿಂದ ಮೇಲೆ ಯುದ್ಧ, ಸೊಂಟದಿಂದ ಕೆಳಗೆ ಆರತಿ.

ಇದು ಬರೀ ಚಿತ್ರದ ತಪ್ಪಲ್ಲ. ಸವಾರಿ ಮಾಡುವುದು ಕೈಯಿಂದಲ್ಲ, ಕಾಲಿನಿಂದ. ತೊಡೆ ಮತ್ತು ಮೊಣಕಾಲು ಜೀನಿಗೆ ಒರಗಿರಬೇಕು. ಮೀನಖಂಡ ಕುದುರೆಯ ಪಕ್ಕೆಗೆ ತಾಗಿ, ನಡೆ, ಓಡು, ತಿರುಗು ಎಂದು ಹೇಳುತ್ತಿರಬೇಕು. ಈ ಮಾತುಕತೆಯ ನಡುವೆ ಇರುವ ಬಟ್ಟೆ ಮುದುರಬಾರದು, ಜಾರಬಾರದು. ಜೀನ್ಸಿನ ದಪ್ಪ ಹೊಲಿಗೆ ಸರಿಯಾಗಿ ಉಜ್ಜುವ ಜಾಗದಲ್ಲೇ ಇರುತ್ತದೆ. ಸವಾರಿಯ ಬ್ರೀಚಸ್‌ನಲ್ಲಿ ಅಲ್ಲಿ ಉಬ್ಬು ಹೊಲಿಗೆ ಇರದಂತೆ ನೋಡಿಕೊಂಡಿರುತ್ತಾರೆ, ಮೊಣಕಾಲಿಗೆ ಹಿಡಿತದ ತೇಪೆಯನ್ನೂ ಹಾಕಿರುತ್ತಾರೆ. ಪಾದ ರಿಕಾಪಿನೊಳಗೆ ತೂರಿ ಸಿಕ್ಕಿಕೊಳ್ಳದಿರಲೆಂದು ಬೂಟಿಗೆ ಸಣ್ಣ ಹಿಮ್ಮಡಿ. ಗೆಜ್ಜೆಯ ಪಾದಕ್ಕೆ ಅಲ್ಲಿ ಏನು ಕೆಲಸ?

ಝಾನ್ಸಿಯ ರಾಣಿಗೆ ಇದು ಗೊತ್ತಿತ್ತು. 1858ರ ಜೂನ್ ತಿಂಗಳಲ್ಲಿ ಗ್ವಾಲಿಯರ್ ಬಳಿ ಹೋರಾಡಿ ಮಡಿದಾಗ ಆಕೆ ಸವಾರನ ಉಡುಪಿನಲ್ಲಿದ್ದಳೆಂದು ಎದುರಾಳಿ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಹಳೆಯ ಚಿತ್ರಕಾರರಿಗೂ ಗೊತ್ತಿತ್ತು. ಬಿಜಾಪುರದ ಸೊಸೆ ಚಾಂದಬೀಬಿ ಗಿಡುಗ ಹಿಡಿದು ಬೇಟೆಗೆ ಹೊರಟ ದಖ್ಖನಿ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಆಕೆ ತೀರಿಕೊಂಡು ಸುಮಾರು ನೂರು ವರ್ಷದ ಮೇಲೆ, 1700ರ ಆಸುಪಾಸಿನಲ್ಲಿ ಬರೆದದ್ದು. ಅಲ್ಲಿ ರಾಣಿ ಸವಾರಳ ಹಾಗೆಯೇ ಕುದುರೆಯನ್ನು ಕವೆಗಾಲಿನಲ್ಲಿ ಏರಿದ್ದಾಳೆ. ಅದರಿಂದ ಆಕೆಯ ಗೌರವವೇನೂ ಕುಂದಿಲ್ಲ.

ಇನ್ನು ಸೀರೆ ಉಟ್ಟೇ ಬರೆಯಬೇಕೆಂದರೆ ನಮ್ಮ ಉತ್ತರ ಕರ್ನಾಟಕದ ಕಚ್ಚೆ ಇಲ್ಲವೆ? ಎರಡು ಕಾಲಿಗೂ ಬೇರೆ ಬೇರೆ ದಾರಿ ಬಿಟ್ಟು ಕಟ್ಟುವ ಉಡುಗೆ ಅದು. ಅದೂ ಪೂರ್ತಿ ಉತ್ತರವಲ್ಲ. ಮಡಿಕೆಯ ಮೇಲೆ ಮಡಿಕೆ ಬಂದು ದೂರದ ದಾರಿಯಲ್ಲಿ ಒತ್ತೀತು. ಈ ತೊಡಕಿಗೆ ಒಳ್ಳೆಯ ಪರಿಹಾರ ಸಿಕ್ಕಿದ್ದು ರಾಜಸ್ಥಾನದಲ್ಲಿ. ಮೊಣಕಾಲಿನಿಂದ ಕೆಳಗೆ ಚೂಡಿದಾರದಂತೆ ಬಿಗಿ, ತೊಡೆಯ ಬಳಿ ಸಡಿಲ. ಆಗಿನ ಬಟ್ಟೆ ಎಳೆದರೆ ಹಿಗ್ಗುತ್ತಿರಲಿಲ್ಲ, ಅದಕ್ಕೇ ಆ ಸಡಿಲು. 19ನೇ ಶತಮಾನದ ಕೊನೆಗೆ ಜೋಧಪುರದ ಸರ್ ಪ್ರತಾಪ ಸಿಂಗರ ಮೂಲಕ ಇಂಗ್ಲೆಂಡಿಗೆ ಹೋಗಿ ಊರಿನ ಹೆಸರೇ ಅದಕ್ಕೆ ಅಂಟಿತು. ಹಿಗ್ಗುವ ಬಟ್ಟೆ ಬಂದ ಮೇಲೆ ತೊಡೆಯ ಸಡಿಲು ಬೇಡವಾಯಿತು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಮನೆತನಸ್ಥ ಹೆಂಗಸರು ಉದ್ದ ಲಂಗ ತೊಟ್ಟು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಬಿದ್ದಾಗ ಲಂಗ ಜೀನಿನ ಕೊಂಬಿಗೆ ಸಿಕ್ಕಿ, ಓಡುವ ಕುದುರೆ ಎಳೆದೊಯ್ದು ಸತ್ತವರಿದ್ದಾರೆ. ಆಗ ಅವರು ಮಾಡಿದ್ದೇನು? ಸಿಕ್ಕಿದರೆ ಬಿಚ್ಚಿಕೊಳ್ಳುವ ಹೊಸ ಲಂಗ ಹೊಲಿಸಿದರು. ಕೂರುವ ರೀತಿ ಬದಲಾಗಲು ಇನ್ನೂ ಬಹಳ ಕಾಲ ಬೇಕಾಯಿತು. ನಗಬೇಡಿ. ಸ್ಕೂಟರಿನ ಹಿಂದೆ ಒಂದೇ ಪಕ್ಕಕ್ಕೆ ಕೂರುವ ನಮಗಾಗಿ, ಬಟ್ಟೆ ಹಿಂಚಕ್ರಕ್ಕೆ ಸಿಕ್ಕದಂತೆ ತಡೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿದೆ. ಮೊದಲು ಬಟ್ಟೆ, ಅದಕ್ಕೆ ತಕ್ಕಂತೆ ಕೂರುವುದು, ಆಮೇಲೆ ಅಪಾಯಕ್ಕೊಂದು ಬೇಲಿ. ನಾವು ನಡೆದು ಬಂದ ಕ್ರಮ ಇದೇ.

ಒಲಿಂಪಿಕ್ಸಿನ ಕುದುರೆ ಸ್ಪರ್ಧೆಗೆ ಹೆಂಗಸರನ್ನು ಸೇರಿಸಿದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸಾಜ್‌ನಲ್ಲಿ ಚಿನ್ನ ಗೆದ್ದ ನಮ್ಮ ನಾಲ್ವರ ತಂಡದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್ ಇಬ್ಬರು ಹೆಣ್ಣುಮಕ್ಕಳು. ಅವರ ಫೋಟೋ ಎಲ್ಲಾದರೂ ಕಂಡರೆ ಪದಕ ನೋಡಿದ ಮೇಲೆ ಕಾಲನ್ನೂ ನೋಡಿ.

ಕ್ಯಾಲೆಂಡರಿನ ಚಿತ್ರಕಾರನೊಬ್ಬನನ್ನೇ ದೂರುವುದು ನ್ಯಾಯವಲ್ಲ. ನಡುಮನೆಯಲ್ಲಿ ತೂಗುಹಾಕುವವರಿಗೆ ಏನು ಬೇಕೋ ಅದನ್ನೇ ಅವನು ಬರೆದ. ರಾಣಿ ಶೂರಳಾಗಲಿ, ಆದರೆ ನೆರಿಗೆ ಕೆಡದಿರಲಿ ಎಂಬ ಆಸೆ ನಮ್ಮದೇ. ಹುಡುಗಿಗೆ ಬ್ರೀಚಸ್ ತಂದ ದಿನ ಅತ್ತಿಗೆ, "ಇಷ್ಟು ಬಿಗಿಯೆ? ಮೇಲೊಂದು ಉದ್ದ ಕುರ್ತಾ ಹಾಕಿಕೋ" ಎಂದರು. ನನ್ನ ಬಾಯಿಗೂ ಅದೇ ಮಾತು ಬಂದಿತ್ತು, ನುಂಗಿಕೊಂಡೆ. ಕುರ್ತಾದ ಸೆರಗು ಜೀನಿಗೆ ಸಿಕ್ಕೀತೆಂದು ಹುಡುಗಿಯೇ ತಾಯಿಗೆ ತಿಳಿಸಿ ಹೇಳಿದಳು. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬೇಡ ಬಿಡು" ಎಂದರು.

ಚಿತ್ರವನ್ನು ಗೋಡೆಯಿಂದ ಇಳಿಸಿಲ್ಲ. ಮನೆಗೆ ಬಂದ ಹೆಣ್ಣುಮಕ್ಕಳಿಗೆ ತೋರಿಸಿ, ಇನ್ನೊಂದು ಕಾಲು ಎಲ್ಲಿ ಹೇಳಿ ನೋಡೋಣ ಎಂದು ಕೇಳುತ್ತೇನೆ.